ಹಿತ್ತಲ ಕೊಳ: ಲೈನರ್ ಮತ್ತು ಫಿಲ್ಟರ್

ಹಿತ್ತಲ ಕೊಳ: ಮನೆಯ ಹಿತ್ತಲಿನಲ್ಲೋ ಅಂಗಳದ ಮೂಲೆಯಲ್ಲೋ ನೆಲ ತೋಡಿ, ನೀರು ಇಂಗದಂತೆ ಹೊದಿಕೆ ಹಾಸಿ, ಮೀನು, ತಾವರೆ, ನೈದಿಲೆಗಳಿಗಾಗಿ ಮಾಡಿಕೊಳ್ಳುವ ಚಿಕ್ಕ ಕೊಳ. ಸಾಮಾನ್ಯವಾಗಿ 1,000 ಲೀಟರಿನಿಂದ 20,000 ಲೀಟರಿನವರೆಗೆ ನೀರು ಹಿಡಿಯುತ್ತದೆ. ನೀರನ್ನು ತಡೆದು ನಿಲ್ಲಿಸುವುದು ಲೈನರ್; ನಿಂತ ನೀರು ಕೆಡದಂತೆ ಕಾಯುವುದು ಫಿಲ್ಟರ್. ಅಂಗಡಿಯಲ್ಲಿ ಇವು ಬೇರೆ ಬೇರೆ ಸಾಮಾನು, ಕೊಳದಲ್ಲಿ ಮಾತ್ರ ಒಂದು ಬಂದದ್ದರಿಂದಲೇ ಇನ್ನೊಂದು ಬೇಕಾಗುವುದು. ಮಣ್ಣಿನ ಕೆರೆಯಲ್ಲಿ ತಳದ ಕೆಸರು, ಅದರಲ್ಲಿ ಬದುಕುವ ಅಣುಜೀವಿಗಳು, ಅಲ್ಲೇ ಬೇರು ಬಿಟ್ಟ ಗಿಡಗಳು ಸೇರಿಕೊಂಡು ಮೀನಿನ ಹೊಲಸನ್ನೂ ಕೊಳೆತ ಎಲೆಯನ್ನೂ ಅರಗಿಸುತ್ತವೆ. ಶೀಟು ಹಾಸಿದ ಕ್ಷಣದಿಂದ ನೀರಿಗೂ ನೆಲಕ್ಕೂ ನಂಟು ತಪ್ಪುತ್ತದೆ. ನೆಲ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಪಂಪು, ಸ್ಪಂಜು, ಜಲ್ಲಿ, ಗಿಡಗಳಿಂದ ಮಾಡಿಸಬೇಕಾಗುತ್ತದೆ. ಲೈನರಿಗೆ ದುಡ್ಡು ಸುರಿದು, ಫಿಲ್ಟರಿನ ವಿಷಯ ಆಮೇಲೆ ನೋಡೋಣ ಎಂದವರ ಕೊಳಗಳೇ ಸಾಮಾನ್ಯವಾಗಿ ಮೊದಲ ಬೇಸಿಗೆಗೆ ಹಸಿರು ಗಂಜಿಯಾಗುವುದು.

ಹಿನ್ನೆಲೆ

ನೀರು ಇಂಗದ ತಳ ಕಟ್ಟುವ ವಿದ್ಯೆ ಪ್ಲಾಸ್ಟಿಕ್ಕಿಗಿಂತ ಬಹಳ ಹಳೆಯದು. ಒದ್ದೆ ಜೇಡಿಮಣ್ಣನ್ನು ಚೆನ್ನಾಗಿ ತುಳಿದು, ಒಳಗೆ ಗಾಳಿ ಉಳಿಯದಂತೆ ಪದರ ಪದರವಾಗಿ ಮೆತ್ತುವುದು ಅದರ ಕ್ರಮ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಂಡ್ಲಿ ಕಾಲುವೆಗಳ ಸೋರಿಕೆ ತಡೆದದ್ದು ಹೀಗೆಯೇ. 1761ರಲ್ಲಿ ತೆರೆದ ಬ್ರಿಡ್ಜ್‌ವಾಟರ್ ಕಾಲುವೆ ಅವನಿಗೆ ಹೆಸರು ತಂದಿತು. ಕರ್ನಾಟಕದ ಕೆರೆಗಳಲ್ಲೂ ನೀರು ತಡೆಯುವುದು ಏರಿಯ ಮಣ್ಣು ಮತ್ತು ವರ್ಷಗಟ್ಟಲೆ ಹರಿದು ಬಂದು ತಳದಲ್ಲಿ ಕೂತ ನಯವಾದ ಗೋಡು. ಕಲ್ಯಾಣಿಗಳ ಲೆಕ್ಕ ಬೇರೆ. ಅವುಗಳಲ್ಲಿ ಹಲವು ನೀರನ್ನು ಬಂಧಿಸಿಟ್ಟವಲ್ಲ; ಅಂತರ್ಜಲದ ಮಟ್ಟಕ್ಕೆ ತೋಡಿ ಕಲ್ಲು ಕಟ್ಟಿದವು. ಆದ್ದರಿಂದಲೇ ಮಳೆಗಾಲದಲ್ಲಿ ಮೇಲಿನ ಮೆಟ್ಟಿಲಿಗೆ ಏರಿ ಬೇಸಿಗೆಯಲ್ಲಿ ಕೆಳಗಿಳಿಯುತ್ತವೆ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ, ಹಂಪಿಯ ಮಹಾನವಮಿ ದಿಬ್ಬದ ಬಳಿಯ ಕರಿಗಲ್ಲಿನ ಮೆಟ್ಟಿಲುಕೊಳಕ್ಕಾದರೋ ಕಲ್ಲಿನ ಮೇಲ್ಗಾಲುವೆಯಿಂದ ನೀರು ಬರುವ ಏರ್ಪಾಡಿತ್ತು.

ಬಣ್ಣದ ಮೀನಿನ ಕೊಳದ ಚರಿತ್ರೆಯಲ್ಲಿ ಜಪಾನಿನ ನೀಗಾಟಾ ಪ್ರಾಂತ್ಯಕ್ಕೆ ದೊಡ್ಡ ಪಾಲು. ಅಲ್ಲಿನ ಯಮಕೋಶಿ, ಓಜಿಯಾ ಸುತ್ತಲಿನ ಗುಡ್ಡಗಾಡಿನ ಭತ್ತದ ರೈತರು ಊಟಕ್ಕೆಂದು ಸಾಕುತ್ತಿದ್ದ ಗೆಂಡೆ ಮೀನುಗಳಲ್ಲಿ ಬಣ್ಣದ ಮರಿಗಳು ಕಾಣಿಸಿಕೊಂಡವು. 19ನೆಯ ಶತಮಾನದಲ್ಲಿ ಅವನ್ನು ಆಯ್ದು ಬೆಳೆಸಿದ್ದರಿಂದ ಕೋಯಿ ತಳಿಗಳು ಹುಟ್ಟಿದವು. 1914ರ ಟೋಕಿಯೋ ಪ್ರದರ್ಶನದ ಮೇಲೆ ಅವುಗಳಿಗೆ ಹೊರಗಿನವರ ಕಣ್ಣು ಬಿತ್ತು. ನೀಗಾಟಾದ ಸಾಕಣೆದಾರರು ಇವತ್ತಿಗೂ ಬೆಚ್ಚನೆಯ ತಿಂಗಳುಗಳಲ್ಲಿ ಮೀನುಗಳನ್ನು ಬಿಡುವುದು ಹೊದಿಕೆಯಿಲ್ಲದ ಕೆಸರಿನ ಹೊಂಡಗಳಿಗೆ. ಅಲ್ಲಿ ಫಿಲ್ಟರಿನ ಮಾತೇ ಇಲ್ಲ. ಅದೇ ಮೀನು ಪಟ್ಟಣದ ಅಂಗಳದ ಕೊಳಕ್ಕೆ ಬಂದಾಗ ಕೊಳದ ಮೂರನೆಯ ಒಂದು ಭಾಗದಷ್ಟು ದೊಡ್ಡ ಫಿಲ್ಟರ್ ತೊಟ್ಟಿಯನ್ನು ಪಕ್ಕದಲ್ಲಿ ಕಟ್ಟಬೇಕಾಯಿತು.

ಹೊದಿಕೆಯ ಕೃತಕ ವಸ್ತುಗಳು 20ನೆಯ ಶತಮಾನದವು. 1933ರಲ್ಲಿ ಇಂಗ್ಲೆಂಡಿನ ಐಸಿಐ ಪ್ರಯೋಗಾಲಯದಲ್ಲಿ ಪಾಲಿಥೀನ್, 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಬ್ಯುಟೈಲ್ ರಬ್ಬರ್, 1960ರ ದಶಕದಲ್ಲಿ ಇಪಿಡಿಎಂ ರಬ್ಬರ್ ಬಂದವು. ಕರ್ನಾಟಕದ ಹಳ್ಳಿಗಳಿಗೆ ಈ ತಂತ್ರ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು ತೋಟದ ಕೊಳವಾಗಿ ಅಲ್ಲ, ಕೃಷಿ ಹೊಂಡವಾಗಿ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಮಳೆಯಾಶ್ರಿತ ಜಮೀನುಗಳಲ್ಲಿ ಹೊಂಡ ತೋಡಿಸಿ, ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗದಂತೆ ಪಾಲಿಥೀನ್ ಹೊದಿಕೆಗೆ ನೆರವು ಕೊಟ್ಟಿತು. ಹೀಗಾಗಿ ಶೀಟು ಅಳೆದು, ಬೆಸೆದು, ಹಾಸಿ ಕೊಡುವ ಕಸುಬುದಾರರು ಈಗ ಬಯಲುಸೀಮೆಯ ಊರುಗಳಲ್ಲೂ ಸಿಗುತ್ತಾರೆ. ಹಿತ್ತಲ ಕೊಳ ಮಾಡುವವರು ಅಕ್ವೇರಿಯಂ ಅಂಗಡಿಗಿಂತ ಮೊದಲು ಅವರನ್ನು ವಿಚಾರಿಸುವುದು ಲೇಸು.

ಯಾವ ಹೊದಿಕೆ?

ನಮ್ಮಲ್ಲಿ ಕೊಳ ಎಂದೊಡನೆ ಗಾರೆ ಮೇಸ್ತ್ರಿ ಹೇಳುವುದು ಸಿಮೆಂಟ್ ತೊಟ್ಟಿಯನ್ನೇ. ಗಟ್ಟಿಮುಟ್ಟು, ತಿಕ್ಕಿ ತೊಳೆಯಬಹುದು. ಆದರೆ ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ. ನೀರಿನ ಪಿಎಚ್ ಮೀನು ತಾಳದಷ್ಟು ಏರುತ್ತದೆ. ನೀರು ತುಂಬಿ, ಬಾಳೆದಿಂಡಿನ ತುಂಡುಗಳನ್ನು ಹಾಕಿ ಕೊಳೆಸಿ, ಚೆಲ್ಲಿ, ಮತ್ತೆ ತುಂಬುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ನೆಲ ಕುಸಿದರೆ ಸಿಮೆಂಟು ಬಿರಿಯುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಯಲ್ಲಿ ಉಬ್ಬುವ ಎರೆಭೂಮಿಯಲ್ಲಂತೂ ಬಿರುಕು ತಪ್ಪಿದ್ದಲ್ಲ. ಅಲ್ಲಿ ಬಾಗುವ ಹೊದಿಕೆಯೇ ಸರಿ.

ಬಾಗುವ ಹೊದಿಕೆಗಳಲ್ಲಿ ಅಗ್ಗದ್ದು ಸಿಲ್ಪಾಲಿನ್ ಮಾದರಿಯ ಪದರದ ಪಾಲಿಥೀನ್ ಶೀಟು. ಹಗುರ, ಎಲ್ಲೆಡೆ ಸಿಗುತ್ತದೆ. ಬಿಸಿಲು ಬಿದ್ದ ಅಂಚು ಮಾತ್ರ ಬೇಗ ಪುಡಿಯಾಗುತ್ತದೆ. ಕೃಷಿ ಹೊಂಡಗಳಿಗೆ ಬಳಸುವ ಹೆಣೆದ ಎಚ್‌ಡಿಪಿಇ ಶೀಟಿಗೆ ಐಎಸ್ 15351 ಎಂಬ ಭಾರತೀಯ ಮಾನಕವಿದೆ. 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ್ದು ಸಾಮಾನ್ಯ ಬಳಕೆಯದು. ಇದು ಬಿಗಿ, ಬಾಳಿಕೆಯುಳ್ಳದ್ದು, ಬಿಸಿಗಾಳಿಯಲ್ಲಿ ಬೆಸೆಯಬಹುದು. ಆದರೆ ಸುಲಭವಾಗಿ ಮಣಿಯುವುದಿಲ್ಲ. ಓರೆ ಬದಿಯ ಚೌಕಾಕಾರದ ಹೊಂಡಕ್ಕೆ ಹೇಳಿ ಮಾಡಿಸಿದ್ದು. ಅಂಕುಡೊಂಕಾದ ಹಿತ್ತಲ ಕೊಳದಲ್ಲಿ ಮಡಿಕೆಗಳು ಎದ್ದು ನಿಲ್ಲುತ್ತವೆ. ಪಿವಿಸಿ ಇದಕ್ಕಿಂತ ಮೆದು, ಆದರೆ ಅದನ್ನು ಮೆದುವಾಗಿಸಿದ ರಾಸಾಯನಿಕ ಕಾಲಕ್ರಮೇಣ ಹೊರಹೋಗಿ ಗಡುಸಾಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಸುಮಾರು 1.1 ಮಿ.ಮೀ. ದಪ್ಪದ ಇಪಿಡಿಎಂ ರಬ್ಬರ್. ಎಳೆದರೆ ಹಿಗ್ಗುತ್ತದೆ, ಮೂಲೆಗೆ ಕೂರುತ್ತದೆ, ಬಿಸಿಲಿಗೆ ಅಳುಕುವುದಿಲ್ಲ. ಚದರ ಮೀಟರಿಗೆ ಒಂದೂಕಾಲು ಕಿಲೋದ ಮೇಲೆಯೇ ತೂಗುವುದರಿಂದ ಹಾಸಲು ನಾಲ್ಕು ಆಳು ಬೇಕು, ಬೆಲೆಯೂ ಜಾಸ್ತಿ. ಚಾವಣಿಗೆಂದು ತಯಾರಾದ ಇಪಿಡಿಎಂ ಎಲ್ಲವೂ ಮೀನಿಗೆ ಸುರಕ್ಷಿತವಲ್ಲ. ಕೊಳಕ್ಕೆಂದೇ ತಯಾರಿಸಿದ್ದನ್ನು ಕೇಳಿ ತರಬೇಕು.

ಅಳತೆಯ ಲೆಕ್ಕ ಸುಲಭ. ಕೊಳದ ಉದ್ದಕ್ಕೆ ಆಳದ ಎರಡರಷ್ಟು ಕೂಡಿಸಿ, ಎರಡೂ ಕಡೆ ಅಂಚಿಗೆ ಒಂದೊಂದು ಅಡಿ ಸೇರಿಸುವುದು, ಅಗಲಕ್ಕೂ ಹಾಗೆಯೇ. 10 ಅಡಿ ಉದ್ದ, 8 ಅಡಿ ಅಗಲ, ಎರಡೂವರೆ ಅಡಿ ಆಳದ ಕೊಳಕ್ಕೆ 17 ಅಡಿಗೆ 15 ಅಡಿಯ ಶೀಟು ಬೇಕು. ಅದರಲ್ಲಿ ಹಿಡಿಯುವ ನೀರು, ಬದಿ ನೆಟ್ಟಗಿದ್ದರೆ, 200 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ ಸುಮಾರು 5,660 ಲೀಟರ್. ಈ ಅಂಕಿಯನ್ನು ಗೋಡೆಯ ಮೇಲಾದರೂ ಬರೆದಿಟ್ಟುಕೊಳ್ಳಬೇಕು. ಪಂಪು, ಫಿಲ್ಟರ್, ಮೀನಿನ ಸಂಖ್ಯೆ, ಔಷಧದ ಪ್ರಮಾಣ ಎಲ್ಲವೂ ಇದರ ಮೇಲೆ ನಿಲ್ಲುತ್ತವೆ.

ತೋಡುವುದು, ಹಾಸುವುದು

ಜಾಗದ ಆಯ್ಕೆಯಲ್ಲಿ ಜನ ಮಾಡುವ ಮಾಮೂಲಿ ತಪ್ಪು, ಹಿತ್ತಲಿನ ಅತಿ ತಗ್ಗಿನ ಮೂಲೆಯನ್ನು ಆರಿಸುವುದು. ನೀರು ಹೇಗೂ ಅಲ್ಲಿಗೇ ಬರುತ್ತದಲ್ಲ ಎಂಬ ಎಣಿಕೆ. ಬರುವುದು ಬರೀ ನೀರಲ್ಲ, ಅಂಗಳದ ಮಣ್ಣು, ಗೊಬ್ಬರ, ಬಟ್ಟೆ ಒಗೆದ ಸೋಪಿನ ನೀರು ಎಲ್ಲ ಹರಿದು ಬರುತ್ತದೆ. ಇನ್ನೊಂದು ಅಪಾಯ ಅಡಿಯಿಂದ. ಕರಾವಳಿ, ಮಲೆನಾಡುಗಳಲ್ಲಿ ಆಷಾಢದ ಹೊತ್ತಿಗೆ ಅಂತರ್ಜಲ ನೆಲದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಆಗ ಅದು ಶೀಟನ್ನು ಕೆಳಗಿನಿಂದ ಎತ್ತಿ ಕೊಳದ ನಡುವೆ ಗುಡ್ಡೆಯಂತೆ ಉಬ್ಬಿಸುತ್ತದೆ. ಕೊಳ ಖಾಲಿಯಿದ್ದರಂತೂ ಹೇಳುವುದೇ ಬೇಡ. ಅಂಥ ಕಡೆ ನೆಲದ ಮೇಲೆ ಒಂದೂವರೆ ಅಡಿ ಕಟ್ಟೆ ಕಟ್ಟಿ ಕೊಳವನ್ನು ಅರ್ಧ ಮೇಲೆತ್ತುವುದು, ಇಲ್ಲವೇ ಶೀಟಿನಡಿಯಲ್ಲಿ ಜಲ್ಲಿ ತುಂಬಿದ ಬಸಿಗಾಲುವೆ ಕೊಡುವುದು ದಾರಿ. ಮರದ ನೆರಳು ಅರ್ಧ ದಿನ ಇದ್ದರೆ ಪಾಚಿ ಕಡಿಮೆ. ಎಲೆ ಉದುರಿಸುವ ಮರ, ಬಿದಿರು ಮೆಳೆ ಮಾತ್ರ ದೂರವಿರಲಿ.

ತೋಡುವಾಗ ಎಲ್ಲಕ್ಕಿಂತ ನಿಗಾ ಬೇಕಾದದ್ದು ಅಂಚಿನ ಮಟ್ಟ. ನೀರು ತಾನೇ ಮಟ್ಟ ತೋರಿಸುವುದರಿಂದ, ಒಂದು ಬದಿ ಒಂದಂಗುಲ ತಗ್ಗಿದ್ದರೂ ಅಲ್ಲಿ ತುಳುಕಿ, ಎದುರು ಬದಿಯಲ್ಲಿ ಕರಿಯ ಶೀಟು ಜೀವಮಾನವಿಡೀ ಕಾಣುತ್ತಿರುತ್ತದೆ. ಮೇಸ್ತ್ರಿಗಳು ಇದಕ್ಕೆ ಬಳಸುವುದು ನೀರು ತುಂಬಿದ ಪಾರದರ್ಶಕ ಟ್ಯೂಬು: ಒಂದು ತುದಿಯನ್ನು ಗುರುತಿನ ಗೂಟಕ್ಕೆ ಹಿಡಿದು, ಇನ್ನೊಂದು ತುದಿಯನ್ನು ಸುತ್ತಲೂ ಒಯ್ದು, ನೀರು ನಿಂತಲ್ಲಿ ಸೀಸದಕಡ್ಡಿಯ ಗೀಟು ಎಳೆಯುತ್ತಾರೆ. ಟ್ಯೂಬಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ಸುಳ್ಳಾಗುತ್ತದೆ. ಆದ್ದರಿಂದ ಮೊದಲು ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದು ನೀರು ಸಮವಾಗಿದೆಯೇ ನೋಡಿಕೊಳ್ಳುತ್ತಾರೆ. ಚಿಕ್ಕ ಕೊಳಕ್ಕೆ ನೆಟ್ಟನೆಯ ಹಲಗೆಯ ಮೇಲಿಟ್ಟ ರಸಮಟ್ಟವೂ ಸಾಕು.

ಬದಿಗಳನ್ನು ತುಸು ಓರೆಯಾಗಿಸಿ, ಒಂದಡಿ ಆಳದಲ್ಲಿ ಗಿಡದ ಕುಂಡ ಇಡಲು ಒಂದು ಮೆಟ್ಟಿಲು ಬಿಡುತ್ತಾರೆ. ಕೋಯಿ ಸಾಕುವುದಾದರೆ ಆಳ ನಾಲ್ಕು ಅಡಿಗೆ ಕಮ್ಮಿ ಇರಬಾರದು. ಗುಂಡಿಯಾದ ಮೇಲೆ ಬರಿಗೈಯಲ್ಲಿ ಸವರಿ ಚೂಪುಗಲ್ಲು, ಬೇರಿನ ಮೊನೆ, ಗಾಜಿನ ಚೂರು ತೆಗೆಯುವುದು ಅರ್ಧ ದಿನದ ಕೆಲಸ. ಈ ಕೆಲಸದಲ್ಲಿ ಉದಾಸೀನ ಸಲ್ಲದು. ಕೊನ್ನಾರಿ ಗಡ್ಡೆಯನ್ನಂತೂ ಒಂದೂ ಬಿಡದೆ ಅಗೆದು ತೆಗೆಯಬೇಕು. ಅದರ ಮೊಳಕೆಯ ತುದಿ ಎಷ್ಟು ಚೂಪೆಂದರೆ ತೆಳು ಪಾಲಿಥೀನನ್ನು ಕೆಳಗಿನಿಂದ ಚುಚ್ಚಿ ನೀರೊಳಗೆ ತಲೆ ಎತ್ತುತ್ತದೆ. ಆಮೇಲೆ ಎರಡು ಅಂಗುಲ ಜರಡಿ ಹಿಡಿದ ಮರಳು, ಅದರ ಮೇಲೆ ಚದರ ಮೀಟರಿಗೆ 200–300 ಗ್ರಾಂ ತೂಕದ ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಣಿತಾಟು ಹಾಕುವವರಿದ್ದಾರೆ, ಒಂದೆರಡು ಮಳೆಗಾಲದಲ್ಲಿ ಕೊಳೆತು ಅಲ್ಲಿ ಟೊಳ್ಳಾಗುತ್ತದೆ. ಹೆಗ್ಗಣದ ಕಾಟವಿರುವ ಕಡೆ ಬಟ್ಟೆಯಡಿಗೆ ಕೋಳಿಬಲೆ ಹಾಸುವುದುಂಟು. ಬಲೆಯ ತುದಿಗಳೇ ಶೀಟನ್ನು ಹರಿಯದಂತೆ ಮೇಲೆ ಇನ್ನೊಂದು ಪದರ ಬಟ್ಟೆ ಬೇಕು.

ಶೀಟನ್ನು ಬಿಸಿಲಿಗೆ ಹರವಿ ಒಂದು ತಾಸು ಬಿಟ್ಟರೆ ಮೆತ್ತಗಾಗುತ್ತದೆ. ನೆಲದ ಮೇಲೆ ಎಳೆದಾಡದೆ, ನಾಲ್ಕು ಕಡೆ ಹಿಡಿದು ಗುಂಡಿಯ ಮೇಲೆ ಇಳಿಸಬೇಕು. ಬಿಗಿಯಾಗಿ ಎಳೆದು ಅಂಚಿಗೆ ಕಲ್ಲು ಹೇರಿಬಿಡಬಾರದು, ನೀರಿನ ಭಾರ ಬಿದ್ದಾಗ ಮೂಲೆಗಳಲ್ಲಿ ಹಿಂಜಿ ಹರಿಯುತ್ತದೆ. ನೀರು ನಿಧಾನವಾಗಿ ಏರುತ್ತಿರುವಂತೆ ಒಬ್ಬರು ಬರಿಗಾಲಲ್ಲಿ ಒಳಗಿಳಿದು, ಅಲ್ಲಲ್ಲಿ ಚದುರಿದ ಹತ್ತು ಸುಕ್ಕುಗಳನ್ನು ಒಟ್ಟುಮಾಡಿ ಒಂದೆರಡು ದೊಡ್ಡ ನೆರಿಗೆಯಾಗಿ ಮಡಿಸುತ್ತಾ ಹೋಗಬೇಕು. ಸೀರೆಯ ನೆರಿಗೆ ಹಿಡಿದು ಅಭ್ಯಾಸವಿದ್ದವರಿಗೆ ಈ ಕೆಲಸ ಬೇಗ ಒಗ್ಗುತ್ತದೆ. ಅಂಚನ್ನು ಕತ್ತರಿಸುವುದು ಕೊಳ ತುಂಬಿ ಎರಡು ದಿನ ಕಳೆದ ಮೇಲೆ.

ಅಂಚಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಶೀಟಿನ ತುದಿಯನ್ನು ಚಪ್ಪಡಿಯ ಹಿಂದೆ ನೆಟ್ಟಗೆ ನಿಲ್ಲಿಸಿ, ಹೊರಗಿನ ಮಣ್ಣಿಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಬೇಕು. ಕೊಳದ ನೀರಿಗೆ ಹುಲ್ಲೋ ಮಣ್ಣೋ ತಾಗಿದ್ದರೆ ಅದು ದೀಪದ ಬತ್ತಿ ಎಣ್ಣೆ ಹೀರುವ ರೀತಿಯಲ್ಲಿ ನೀರನ್ನು ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ತೂತಿಲ್ಲದ ಕೊಳ ದಿನವೂ ಇಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಬಳಿಕದ ಪರೀಕ್ಷೆ ಬಕೆಟಿನದು: ಕೊಳದ ಪಕ್ಕ ಅಷ್ಟೇ ಬಿಸಿಲಿಗೆ ಒಂದು ಬಕೆಟ್ ನೀರಿಟ್ಟು, ಎರಡರಲ್ಲೂ ಗುರುತು ಹಾಕಿ, ಪಂಪು ನಿಲ್ಲಿಸಿ ಮರುದಿನ ಅಳೆಯುವುದು. ಎರಡೂ ಒಂದೇ ಸಮ ಇಳಿದಿದ್ದರೆ ಆವಿ. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ. ಬೇಸಿಗೆಯಲ್ಲಿ ಬಯಲುಸೀಮೆಯ ಕೊಳದಿಂದ ದಿನಕ್ಕೆ ಸುಮಾರು 5–7 ಮಿ.ಮೀ. ನೀರು ಆವಿಯಾಗುವುದು ಸಹಜ. ಪಂಪು ನಿಂತಾಗ ಇಳಿಯದೆ ಓಡುವಾಗ ಮಾತ್ರ ಇಳಿದರೆ ತಪ್ಪು ಲೈನರಿನದಲ್ಲ, ಪೈಪಿನದು ಅಥವಾ ಜಲಪಾತದ ಅಂಚಿನದು.

ಫಿಲ್ಟರಿನ ಕೆಲಸ

ಮೀನಿಗೆ 35 ಶೇಕಡಾ ಪ್ರೋಟೀನಿರುವ 100 ಗ್ರಾಂ ತಿನಿಸು ಹಾಕಿದರೆ ಅದರಿಂದ ಸುಮಾರು 3 ಗ್ರಾಂ ಸಾರಜನಕ ಅಮೋನಿಯಾ ರೂಪದಲ್ಲಿ ನೀರಿಗೆ ಸೇರುತ್ತದೆ. ಮೇಲೆ ಹೇಳಿದ 5,660 ಲೀಟರಿನ ಕೊಳದಲ್ಲಿ ಅದು ಲೀಟರಿಗೆ ಅರ್ಧ ಮಿಲಿಗ್ರಾಂ. ನಾಳೆ ಇನ್ನರ್ಧ, ನಾಡಿದ್ದು ಮತ್ತರ್ಧ. ಅಮೋನಿಯಾದ ವಿಷದ ಪ್ರಮಾಣ ಪಿಎಚ್ ಮತ್ತು ಶಾಖದೊಂದಿಗೆ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದ ಶೇಕಡಾ 1ಕ್ಕೂ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ; ಪಿಎಚ್ 8ರಲ್ಲಿ ಶೇಕಡಾ 5, ಪಿಎಚ್ 9ರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಪಾಚಿ ತುಂಬಿದ ಹಸಿರು ಕೊಳದ ಪಿಎಚ್ ಮಧ್ಯಾಹ್ನದ ಬಿಸಿಲಿಗೆ ಏರುವುದರಿಂದ, ಬೆಳಿಗ್ಗೆ ಚುರುಕಾಗಿದ್ದ ಮೀನು ಸಂಜೆಗೆ ಮೇಲೆ ಬಂದು ಬಾಯಿ ಬಿಡುವುದುಂಟು.

ಈ ಅಮೋನಿಯಾವನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟಾಗಿ, ಬೇರೆ ಕೆಲವು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. 1890ರ ಸುಮಾರಿಗೆ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಇವನ್ನು ಬೇರ್ಪಡಿಸಿ ತೋರಿಸಿದರು. ಎರಡನೆಯ ಹಂತ ನೈಟ್ರೊಬ್ಯಾಕ್ಟರ್‌ನ ಕೆಲಸವೆಂದು ಪಠ್ಯಗಳು ಬಹುಕಾಲ ಹೇಳುತ್ತಿದ್ದವು. ಸಿಹಿನೀರಿನ ಫಿಲ್ಟರುಗಳಲ್ಲಿ ಹೆಚ್ಚಾಗಿ ದುಡಿಯುವುದು ನೈಟ್ರೊಸ್ಪೈರಾ ಎಂದು 1990ರ ದಶಕದಲ್ಲಿ ತಿಳಿಯಿತು. ನೈಟ್ರೊಸ್ಪೈರಾದ ಕೆಲವು ಬಗೆಗಳು ಎರಡೂ ಹಂತವನ್ನು ತಾವೇ ಮುಗಿಸಬಲ್ಲವೆಂಬುದು 2015ರ ಶೋಧ. ಮೂರು ಗ್ರಾಂ ಸಾರಜನಕ ಅರಗಿಸಲು ಈ ಜೀವಿಗಳಿಗೆ ಸುಮಾರು 14 ಗ್ರಾಂ ಆಮ್ಲಜನಕ ಬೇಕು. ಜೊತೆಗೆ 21 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರ ಕರಗಿಹೋಗುತ್ತದೆ. ಮಳೆನೀರು ತುಂಬಿದ ಮೆದುನೀರಿನ ಕೊಳಗಳಲ್ಲಿ ಪಿಎಚ್ ಒಮ್ಮೆಲೇ ಕುಸಿಯುವುದರ ಕಾರಣ ಇದು. ಬಲೆಯ ಚೀಲದಲ್ಲಿ ಒಂದಷ್ಟು ಕಪ್ಪೆಚಿಪ್ಪು ತುಂಬಿ ಫಿಲ್ಟರಿನಲ್ಲಿ ಇಟ್ಟರೆ ಅದು ಬೇಕಾದಷ್ಟೇ ಕರಗಿ ಈ ಕೊರತೆ ತುಂಬುತ್ತದೆ.

ಬ್ಯಾಕ್ಟೀರಿಯಾ ತೇಲಿಕೊಂಡು ದುಡಿಯುವುದಕ್ಕಿಂತ ಅಂಟಿಕೊಂಡು ದುಡಿಯುವುದೇ ಹೆಚ್ಚು. ಜೈವಿಕ ಫಿಲ್ಟರ್ ಎಂದರೆ ಅವಕ್ಕೆ ಅಂಟಲು ಜಾಗ, ಉಸಿರಾಡಲು ಗಾಳಿ ಒದಗಿಸುವ ಪೆಟ್ಟಿಗೆ, ಅಷ್ಟೆ. ಜಲ್ಲಿ, ಸ್ಪಂಜು, ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜಾಲರಿ, ಬಾಟಲಿಯ ಮುಚ್ಚಳ ಎಲ್ಲವೂ ಆದೀತು. 1980ರ ದಶಕದ ಕೊನೆಗೆ ನಾರ್ವೆಯ ಹಾಲ್‌ವಾರ್ಡ್ ಓಡೆಗಾರ್ಡ್ ಕೊಳಚೆನೀರಿನ ಶುದ್ಧೀಕರಣಕ್ಕೆ ರೂಪಿಸಿದ, ನೀರಿನಲ್ಲಿ ಸದಾ ಉರುಳುತ್ತಿರುವ ಪುಟ್ಟ ಪ್ಲಾಸ್ಟಿಕ್ ಗಾಲಿಗಳು ಈಗ ಕೋಯಿ ಕೊಳಗಳಿಗೂ ಬಂದಿವೆ. ಅವುಗಳ ಒಂದು ಘನ ಮೀಟರ್ ರಾಶಿಯಲ್ಲಿ 500 ಚದರ ಮೀಟರಿನಷ್ಟು ರಕ್ಷಿತ ಮೇಲ್ಮೈ ಇರುತ್ತದೆ. ಉರುಳುತ್ತ ತಮ್ಮನ್ನು ತಾವೇ ತಿಕ್ಕಿಕೊಳ್ಳುವುದರಿಂದ ಕಟ್ಟಿಕೊಳ್ಳುವುದಿಲ್ಲ. ಜಲ್ಲಿ ಪುಕ್ಕಟೆ ಸಿಕ್ಕರೂ ಭಾರ, ಸಂದಿಯಲ್ಲಿ ಕೆಸರು ತುಂಬುತ್ತದೆ, ತೊಳೆಯುವುದು ಸೊಂಟ ಮುರಿಯುವ ಕೆಲಸ.

ಇದಕ್ಕೂ ಮೊದಲು ನೀರು ಹಾಯಬೇಕಾದ್ದು ಕಸ ಹಿಡಿಯುವ ಹಂತ. ಮೀನಿನ ಹಿಕ್ಕೆ, ಎಲೆ, ತಿನಿಸಿನ ಚೂರು ಇಲ್ಲೇ ನಿಂತು, ವಾರಕ್ಕೊಮ್ಮೆ ಹೊರಹೋಗಬೇಕು. ಕಸ ಜೈವಿಕ ಹಂತಕ್ಕೆ ದಾಟಿದರೆ ಅಲ್ಲಿಯ ಆಮ್ಲಜನಕವನ್ನೆಲ್ಲ ತಾನೇ ತಿನ್ನುತ್ತದೆ. ಮನೆಯಲ್ಲೇ ಮಾಡುವುದಾದರೆ 200 ಲೀಟರಿನ ಎರಡು ನೀಲಿ ಡ್ರಮ್ಮು ಸಾಕು. ಮೊದಲನೆಯದರಲ್ಲಿ ನೀರು ಬದಿಯಿಂದ ನುಗ್ಗಿ ಸುತ್ತು ಹಾಕುವಾಗ ಭಾರದ ಕಸ ತಳಕ್ಕೆ ಇಳಿಯುತ್ತದೆ. ತಳದಲ್ಲೊಂದು ವಾಲ್ವು ಇಟ್ಟರೆ ತಿರುಗಿಸಿ ಬಾಳೆಬುಡಕ್ಕೆ ಬಿಡಬಹುದು, ಒಳ್ಳೆಯ ಗೊಬ್ಬರ. ಎರಡನೆಯದರಲ್ಲಿ ನೀರು ಕೆಳಗಿನಿಂದ ಮೇಲಕ್ಕೆ, ಒರಟು ಸ್ಪಂಜು, ನಯ ಸ್ಪಂಜು, ಜಾಲರಿ ಎಂಬ ಕ್ರಮದಲ್ಲಿ ಹಾಯ್ದು ಕೊಳಕ್ಕೆ ಬೀಳುತ್ತದೆ. ಸ್ಪಂಜನ್ನು ಕೊಳದ ನೀರಿನಲ್ಲೇ ಹಿಂಡಬೇಕು. ನಲ್ಲಿಯಡಿ ತೊಳೆದರೆ ಕ್ಲೋರಿನ್ ತಗುಲಿ, ಒಂದೂವರೆ ತಿಂಗಳು ಬೆಳೆಸಿದ ಬ್ಯಾಕ್ಟೀರಿಯಾ ಒಂದು ನಿಮಿಷದಲ್ಲಿ ಸಾಯುತ್ತದೆ.

ಪಂಪು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಿ ಮೋಸಹೋಗಬಾರದು. ತೋಟದ ಕೊಳದ ನೀರು ಎರಡು ತಾಸಿಗೊಮ್ಮೆ, ಕೋಯಿ ಕೊಳದ್ದು ತಾಸಿಗೊಮ್ಮೆ ಪೂರ್ತಿ ಫಿಲ್ಟರ್ ಹಾಯಬೇಕೆಂಬುದು ರೂಢಿಯ ಅಳತೆ. ನಮ್ಮ ಉದಾಹರಣೆಗೆ ತಾಸಿಗೆ ಸುಮಾರು 2,800 ಲೀಟರ್. ಪೆಟ್ಟಿಗೆಯ ಅಂಕಿ ನೀರನ್ನು ಎತ್ತದೇ ಇದ್ದಾಗಿನದು. ಐದಡಿ ಮೇಲೆತ್ತಿ ಎರಡು ಎಲ್ಬೋ ದಾಟಿಸುವಷ್ಟರಲ್ಲಿ ಸಣ್ಣ ಪಂಪಿನದು ಅರ್ಧಕ್ಕೆ ಇಳಿಯಬಹುದು. ಎತ್ತರಕ್ಕೆ ತಕ್ಕ ಹರಿವಿನ ಪಟ್ಟಿ ಇರುವ ಪಂಪನ್ನೇ ಕೇಳಬೇಕು. ಏರ್ ಕೂಲರಿಗೆಂದು ಮಾರುವ ಅಗ್ಗದ ಪಂಪು ಹಗಲಿರುಳು ಓಡಲು ಮಾಡಿದ್ದಲ್ಲ. 60 ವಾಟಿನ ಪಂಪು ದಿನವಿಡೀ ಓಡಿದರೆ ಒಂದೂವರೆ ಯೂನಿಟ್ಟಿಗೆ ತುಸು ಕಡಿಮೆ, ತಿಂಗಳಿಗೆ 43 ಯೂನಿಟ್. ರಾತ್ರಿ ಆರಿಸಿ ಉಳಿಸೋಣವೆಂದರೆ ಆಗದು: ಕತ್ತಲಲ್ಲಿ ಗಿಡ, ಪಾಚಿಗಳೂ ಆಮ್ಲಜನಕವನ್ನೇ ಬಳಸುವುದರಿಂದ ನಸುಕಿನ ಹೊತ್ತಿಗೆ ಅದರ ಕೊರತೆ ಅತಿ ಹೆಚ್ಚು. ನೀರು ಬಿಸಿಯಾದಷ್ಟೂ ಅದು ಹಿಡಿಯುವ ಆಮ್ಲಜನಕವೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಕರೆಂಟು ಹಲವು ತಾಸು ಹೋಗಿ ಬಂದಾಗ ಫಿಲ್ಟರಿನೊಳಗೆ ಕೊಳೆತ ನೀರನ್ನು ಮೊದಲು ಹೊರಗೆ ಚೆಲ್ಲಿ, ಬಳಿಕ ಪಂಪು ಹಾಕಬೇಕು. ಪಂಪಿನ ವೈರಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿದುಬಿಡುವ ಸ್ವಿಚ್ಚು) ಇಲ್ಲದೆ ಕೊಳಕ್ಕೆ ಕೈ ಹಾಕುವುದು ಪ್ರಾಣದ ಜೊತೆ ಆಟ.

ಹಸಿರು ನೀರಿಗೆ 254 ನ್ಯಾನೊಮೀಟರಿನ ಯುವಿ ದೀಪ ಮಾರುತ್ತಾರೆ. ತೇಲುವ ಪಾಚಿಯನ್ನು ಅದು ಕೊಲ್ಲುವುದು ನಿಜ. ದಾರದಂತೆ ಬೆಳೆಯುವ ಪಾಚಿಗೆ ಏನೂ ಮಾಡದು. ದೀಪ ಹೊತ್ತಿಯೇ ಇದ್ದರೂ ವರ್ಷದೊಳಗೆ ಅದರ ಶಕ್ತಿ ಕುಂದುತ್ತದೆ. ಪಾಚಿ ಬೆಳೆಯಲು ಕಾರಣವಾದ ನೈಟ್ರೇಟ್, ರಂಜಕಗಳು ನೀರಿನಲ್ಲೇ ಉಳಿಯುತ್ತವೆ. ಅವನ್ನು ಹೊರತೆಗೆಯುವುದು ಗಿಡಗಳು. ಜೊಂಡಿನಂಥ ಸಸ್ಯಗಳಿಂದ ಕೊಳಚೆ ತಿಳಿಗೊಳಿಸುವ ಪ್ರಯೋಗವನ್ನು 1950ರ ದಶಕದಲ್ಲಿ ಜರ್ಮನಿಯ ಕ್ಯಾಥೆ ಸೈಡೆಲ್ ಆರಂಭಿಸಿದರು. ಬೆಂಗಳೂರಿನ ಜಕ್ಕೂರು ಕೆರೆಗೆ ಸಂಸ್ಕರಿಸಿದ ನೀರು ಸೇರುವ ಮುನ್ನ ಹಾಯುವ ಜೌಗು ಇದೇ ತತ್ತ್ವದ್ದು. ಹಿತ್ತಲಿನಲ್ಲಿ ಕೊಳದ ಐದನೆಯ ಒಂದು ಭಾಗದಷ್ಟು ಅಗಲದ, ಒಂದಡಿ ಆಳದ ಜಲ್ಲಿಯ ಮಡಿ ಮಾಡಿ, ಅಡಿಯಿಂದ ನೀರು ಉಕ್ಕುವಂತೆ ತೂತಿನ ಪೈಪು ಕೊಟ್ಟು, ಬಜೆ, ಕಾಬಾಳೆ, ಲಾವಂಚ, ಕೆಸು, ಒಂದೆಲಗ ನೆಟ್ಟರೆ ಯುವಿ ದೀಪದ ಖರ್ಚು ಉಳಿಯುತ್ತದೆ, ಚಟ್ನಿ, ತಂಬುಳಿಗೆ ಸೊಪ್ಪೂ ಸಿಗುತ್ತದೆ. ಕೆಸುವನ್ನು ತಿಂಗಳಿಗೊಮ್ಮೆ ಕೊಯ್ಯದಿದ್ದರೆ ಕೊಳೆತು ಮತ್ತೆ ನೀರಿಗೇ ಸೇರುತ್ತದೆ.

ನೀರು, ಮೀನು, ಸೊಳ್ಳೆ

ಹೊಸ ಕೊಳಕ್ಕೆ ಮೀನು ಬಿಡಲು ಅವಸರ ಮಾಡುವುದೇ ಮೊದಲ ಸಾವುಗಳಿಗೆ ಕಾರಣ. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ಕೊಳದ ಒಂದು ತುಂಡು ಸ್ಪಂಜು ತಂದು ಹಾಕಿದರೆ ಬೇಗ ಆಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ಒಂದೆರಡು ದಿನ ಗಾಳಿಯಾಡಿಸಿದರೆ ಹಾರಿಹೋಗುತ್ತದೆ, ಅವಸರಕ್ಕೆ ಹೈಪೋ ಹರಳು ಇದೆ. ಕೊಳವೆಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೂ ಆಮ್ಲಜನಕ ಕಡಿಮೆ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು: 100 ಚದರ ಮೀಟರ್ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಮೊದಲ ಮಳೆಯ ಕೊಳೆ ಬಿಟ್ಟು ಹಿಡಿಯಬೇಕು. ಬೆಂಗಳೂರಿನಲ್ಲಿ 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ಕಾರಂಜಿಗೂ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು; ಕೊಳ ಮಾಡುವವರು ಮಳೆನೀರಿನ ಪೈಪನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ವಾಸಿ.

ನಿಂತ ನೀರೆಂದರೆ ಡೆಂಗಿಯ ಭಯ. ಈಡಿಸ್ ಸೊಳ್ಳೆಗೆ ಬೇಕಾದದ್ದು ಅಲುಗಾಡದ ತಿಳಿನೀರು. ನೀರು ಸದಾ ಹರಿಯುತ್ತಿದ್ದು ಮೀನಿರುವ ಕೊಳ ಅದಕ್ಕೆ ಒಗ್ಗದು. ಖಾಲಿ ಕುಂಡದ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು ಅದಕ್ಕಿಂತ ಅಪಾಯ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ಸೊಳ್ಳೆಮರಿ ತಿನ್ನುವುದಕ್ಕೆ ಹೆಸರಾದರೂ, ಕಪ್ಪೆಮರಿಗಳನ್ನೂ ಬೇರೆ ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. ಜಗತ್ತಿನ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಮ್ಮ ಹಳ್ಳಗಳಲ್ಲೇ ನೀರಿನ ಮೇಲ್ಮೈಗೆ ಅಂಟಿದಂತೆ ಓಡಾಡುವ, ನೆತ್ತಿಯ ಮೇಲೆ ಬೆಳ್ಳಿಚುಕ್ಕೆ ಹೊಳೆಯುವ ಎರಡಂಗುಲದ ಕಿಲ್ಲಿಮೀನು ಈ ಕೆಲಸಕ್ಕೆ ಸಾಕು.

ಮಕ್ಕಳ ಸುರಕ್ಷೆಯ ಮಾತನ್ನು ಕೃಷಿ ಹೊಂಡಗಳು ಕಷ್ಟದಲ್ಲಿ ಕಲಿಸಿವೆ. ಒದ್ದೆಯಾದ ಪಾಲಿಥೀನ್ ಓರೆಯ ಮೇಲೆ ಕಾಲು ನಿಲ್ಲದು. ಬಿದ್ದವರು ಈಜು ಬಲ್ಲವರಾದರೂ ದಡ ಹತ್ತಲಾಗದೆ ಸತ್ತ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಹೊಂಡದ ಸುತ್ತ ತಂತಿಬೇಲಿ, ಒಳಕ್ಕೆ ಗಂಟು ಹಾಕಿದ ಹಗ್ಗ, ಹಳೆ ಟಯರು ಬೇಕೆನ್ನುವುದು ಅದಕ್ಕೆ. ಪುಟ್ಟ ಮಕ್ಕಳಿರುವ ಮನೆಯ ಕೊಳ ಎರಡಡಿಯದಾದರೂ ಮೇಲೆ ಗಟ್ಟಿ ಜಾಲರಿಯಿಲ್ಲದೆ ಬಿಡಬಾರದು.

ಇನ್ನು ಖರ್ಚು. ಒಳ್ಳೆಯ ಲೈನರ್ ಒಂದು ಸಲದ ವೆಚ್ಚ. ಫಿಲ್ಟರ್ ಪ್ರತಿ ತಿಂಗಳ ವೆಚ್ಚ. ಅದನ್ನು ಇಳಿಸುವ ಉಪಾಯ ದೊಡ್ಡ ಯಂತ್ರವಲ್ಲ, ಕಡಿಮೆ ಮೀನು. ಒಂದು ಕೋಯಿಗೆ ಕನಿಷ್ಠ 1,000 ಲೀಟರ್ ನೀರು ಎಂಬ ಲೆಕ್ಕ ಹಿಡಿದರೆ ನಮ್ಮ ಉದಾಹರಣೆಯ ಕೊಳಕ್ಕೆ ಐದು ಮೀನು ಮಾತ್ರ, ಅದೂ ಎರಡೂವರೆ ಅಡಿ ಆಳ ಕೋಯಿಗೆ ಸಾಲದು. ಆ ಅಳತೆಯಲ್ಲಿ ನೈದಿಲೆ, ಒಂದಷ್ಟು ಸಣ್ಣ ನಾಡಮೀನು, ಜಲ್ಲಿಮಡಿ ಇಟ್ಟುಕೊಂಡು ತಿನಿಸು ಅಪರೂಪಕ್ಕೆ ಹಾಕಿದರೆ ಸಣ್ಣ ಪಂಪೊಂದರಲ್ಲೇ ನೀರು ತಿಳಿಯಾಗಿರುತ್ತದೆ. ಮೀನು ಹೆಚ್ಚಿದರೆ, ಕೊಳ ಬೇಡವಾದರೆ ಅವನ್ನು ಬೇರೆ ಕೊಳದವರಿಗೋ ಅಂಗಡಿಗೋ ಕೊಡಿ. ಕೆರೆಗೆ, ಹೊಳೆಗೆ ಬಿಡಬೇಡಿ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್‌ಮೌತ್ ಮೀನು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ತುಂಬಿಕೊಂಡಿದೆ. ಕೊಳದಿಂದ ತೆಗೆದ ಅಂತರಗಂಗೆಯನ್ನೂ ಚರಂಡಿಗೆ ಎಸೆಯದೆ ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.